ಒಂದು ಮಳೆಗೆ ಉದುರುವ ಹೂ

ಉದ್ಯಾನದ ಮರವೊಂದು ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟಿತ್ತು. ಪಕ್ಕದ ಹಳದಿ ಹೂವಿನ ಮರ ಇನ್ನೂ ಬಿಟ್ಟಿರಲಿಲ್ಲ. ಎದುರಿನ ಬೆಂಚಿನ ಎರಡು ತುದಿಗಳಲ್ಲಿ ಗಂಡ ಹೆಂಡತಿ ಕುಳಿತಿದ್ದರು.

"ಮೋಡ ಕವೀತಿದೆ. ಕೊಡೆ ಎಲ್ಲಿ?" ಅವನು ಗದರಿದ.

"ನಿಮ್ಮ ಮುಖಕ್ಕೆ ಕೊಡೆ ಬೇರೆ ಕೇಡು."

"ಬಾಯಿ ಮುಚ್ಕೊಂಡು ಹೂ ನೋಡು."

"ನಿಮ್ಮ ಬುರುಡೆ ಅಡ್ಡ ಬರ್ತಿದೆ, ಆಚೆ ಸರ್ಕೊಳ್ಳಿ!"

ಮಳೆ ಧೋ ಎಂದು ಸುರಿದು ನಿಂತಿತು. ಹೂವೆಲ್ಲ ಕೆಸರಿನಲ್ಲಿ ಬಿದ್ದಿತ್ತು. ಇಬ್ಬರೂ ತೊಯ್ದ ಬಟ್ಟೆಯಲ್ಲೇ ರಸ್ತೆಯಾಚೆಯ ಕೋರ್ಟಿಗೆ ಓಡಿದರು.

"ವಿಚ್ಛೇದನದ ವಿಷಯದಲ್ಲಿ ಮನಸ್ಸೇನಾದರೂ ಬದಲಾಯಿತೇ?" ನ್ಯಾಯಾಧೀಶರು ಕೇಳಿದರು.

"ಇಲ್ಲ!" ಇಬ್ಬರೂ ಒಟ್ಟಿಗೆ ಕೂಗಿದರು.

"ಹಾಗಾದರೆ ಮುಂದಿನ ವಿಚಾರಣೆ ಮಾರ್ಚಿಗೆ."

ಅವಳು ಅವನತ್ತ ತಿರುಗಿ ಹಲ್ಲು ಕಡಿದಳು. "ಸುಮ್ನೆ ನಿಂತಿದ್ದೀರಲ್ಲ, ಫೆಬ್ರವರಿ ಕೇಳ್ರೀ! ಮಾರ್ಚಿಗೆ ಹಳದಿ ಹೂ ಉದುರಿಹೋಗಿರುತ್ತೆ."