ಬಲಗಿವಿಯ ಸಾಕ್ಷಿ

“ಬಲಗಿವಿಗೇ ಚುಚ್ಚಬೇಕು. ಎಡಗಿವಿಗೆ ಚುಚ್ಚಿದ್ರೆ ಸೇನೆ ಡಾಕ್ಟರ ಪುಸ್ತಕದ ಲೆಕ್ಕದಲ್ಲಿ ನೀನು ಗಂಡಸೇ!” ಎನ್ನುತ್ತ ಕ್ಷೌರದ ಫೆರ್ಹಾನ್ ಸೂಜಿಯನ್ನು ಉರಿಗೆ ಹಿಡಿದ.

“ನಮ್ಮೋರಲ್ಲಿ ಯಾರಣ್ಣ ಓಲೆ ಹಾಕ್ತಾರೆ? ನಲ್ಲಿ ರಿಪೇರಿ ಮಾಡೋನು ನಾನು,” ಎಂದು ತುಂಜಾಯ್ ಗೊಣಗಿದ.

“ಹಾಕದಿದ್ರೆ ಏನಂತೆ, ಹಾಕ್ತಾರೆ ಅಂತ ಡಾಕ್ಟರು ಓದಿದ್ದಾರಲ್ಲ. ಸಹಿ ಹಾಕೋರು ಅವರು ಕಣೋ. ಅಲ್ಲಾಡಬೇಡ.”

ಫೆರ್ಹಾನನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಸೇನೆ ದೇಶದ ಗಂಡಸರನ್ನೆಲ್ಲ ಕಡ್ಡಾಯ ಸೇವೆಗೆ ಕರೆಯುತ್ತದೆ; ಈಗ ತುಂಜಾಯ್‌ಗೂ ಕರೆ ಬಂದಿತ್ತು. ಸಲಿಂಗಿಯೆಂದು ಸಾಬೀತುಪಡಿಸಿಕೊಂಡವನನ್ನು ಮಾತ್ರ ಬಿಡುತ್ತದೆ. ಸಾಬೀತುಪಡಿಸಲಾಗದೆ ಹೋದ ಫೆರ್ಹಾನ್, ಮುಂದಿನ ಮೂರು ಹಲ್ಲುಗಳನ್ನು ಬ್ಯಾರಕ್ಕಿನಲ್ಲೇ ಕಳೆದುಕೊಂಡು ತಮ್ಮೂರು ಇಜ್ಮಿರ್‌ಗೆ ಮರಳಿದ್ದ. ಅಲ್ಲಿ ಇನ್ನೇನೇನಾಯಿತೆಂದು ಅವನು ಯಾರಿಗೂ ಹೇಳಿಲ್ಲ.

ಮರುದಿನ ಬೆಳಗ್ಗೆ ಸೇನಾ ಆಸ್ಪತ್ರೆಯಲ್ಲಿ ಮೂವರು ವೈದ್ಯರು ಮೇಜಿನಾಚೆ ಕೂತಿದ್ದರು. ಹಿರಿಯವನು ಎದ್ದು ಬಂದು ತುಂಜಾಯ್‌ನ ಕಿವಿಯನ್ನು ಬೆರಳಲ್ಲಿ ಹಿಡಿದ. ಓಲೆಯ ಸುತ್ತ ಅದು ಊದಿ ಕೆಂಪಾಗಿತ್ತು.

“ಯಾವಾಗ ಚುಚ್ಚಿಸಿಕೊಂಡೆ, ನನ್ನ ಸಿಂಹವೇ?”

“ನಿನ್ನೆ, ಸಾಹೇಬ್ರೇ.” ತುಂಜಾಯ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಮೂವರೂ ನಕ್ಕರು. “ನೋಡಿ, ಕರೆ ಬಂದ ಕೂಡಲೇ ಎಲ್ಲರ ಕಿವಿಗೂ ತೂತು ಬೀಳುತ್ತೆ!”

ತುಂಜಾಯ್ ಅಂಗಿಯ ತೋಳು ಮೇಲೆತ್ತಿದ. ಮೊಣಕೈ ಕೆಳಗೆ ‘ಎನ್’ ಎಂಬ ಒಂದೇ ಒಂದು ಅಕ್ಷರದ ಹಚ್ಚೆ. ಬಣ್ಣ ಮಾಸಿ ಹಸಿರಿಗೆ ತಿರುಗಿತ್ತು. “ಇದು ನಿನ್ನೆಯದಲ್ಲ.”

“ಯಾರು ಹುಡುಗಿ? ನೆರ್ಮಿನ್ನಾ?”

“ನೆಜಾತ್. ಆರು ವರ್ಷದಿಂದ ಒಂದೇ ಮನೇಲಿದ್ದೀವಿ. ಅವನ ಕೈಮೇಲೆ ನನ್ನ ಅಕ್ಷರ ಇದೆ.”

“ಹಾಗಾದ್ರೆ ಆ ಕೈನೂ ಕರ್ಕೊಂಡು ಬಾ.”

ನೆಜಾತ್ ಮೇಷ್ಟ್ರು. ಈ ಕೋಣೆಗೆ ಕಾಲಿಟ್ಟರೆ ಸಂಜೆಯೊಳಗೆ ಅವನ ಕೆಲಸ ಹೋಗುತ್ತಿತ್ತು. “ಅವನು ಬರಲ್ಲ. ನಾನೇ ಬಿಡಲ್ಲ,” ಎಂದ ತುಂಜಾಯ್.

“ಅಕ್ಷರ ಯಾರದ್ದಾದ್ರೂ ಆಗಬಹುದಪ್ಪ.” ವೈದ್ಯ ಕಾಗದದ ಮೇಲೆ ‘ಸೇವೆಗೆ ಯೋಗ್ಯ’ ಎಂದು ಬರೆದು ಠಸ್ಸೆ ಒತ್ತಿದ.

ತುಂಜಾಯ್‌ಗೆ ಮೈಯೆಲ್ಲ ಉರಿದುಹೋಯಿತು. ಓಲೆಯನ್ನು ಕಿತ್ತು ಆ ಕಾಗದದ ಮೇಲೇ ಇಟ್ಟ. “ಓಲೆ ಹಳೇದಾಗಿದ್ರೆ ನಂಬ್ತಿದ್ರಿ. ಆರು ವರ್ಷ ಒಟ್ಟಿಗೆ ಉಂಡು ಮಲಗಿದ ಮನುಷ್ಯನನ್ನ ನಂಬಲ್ಲ. ಇಟ್ಕೊಳ್ಳಿ! ನಾವು ಯಾರು ಅಂತ ನಮಗೇ ಹೇಳಿಕೊಡೋಕೆ ಕೂತಿದ್ದೀರಲ್ಲ, ನಾಚಿಕೆ ಆಗಬೇಕು ನಿಮಗೆ!”

ಕಾವಲಿನವನು ರಟ್ಟೆ ಹಿಡಿದು ಅವನನ್ನು ಹೊರಗೆ ದಬ್ಬಿದ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಧಡೂತಿ ಮೀನುಗಾರನೊಬ್ಬ ಅವನ ಕಿವಿಯಿಂದ ತೊಟ್ಟಿಕ್ಕುತ್ತಿದ್ದ ರಕ್ತ ನೋಡಿ ಮೆಲ್ಲಗೆ ಕೇಳಿದ:

“ಓಲೆ ನಡೀಲಿಲ್ವಾ ಅಣ್ಣ?”

“ಇಲ್ಲ.”

ಬಿಸಿಲಿಗೆ ಕಪ್ಪಿಟ್ಟ ಆ ಮುಖದಲ್ಲಿ ಮೂಗಿನ ಕೆಳಗೆ ಮಾತ್ರ ಒಂದು ಬಿಳಿ ಪಟ್ಟಿಯಿತ್ತು. ಅವನು ಅದನ್ನು ಬೆರಳಲ್ಲಿ ಸವರಿಕೊಂಡ.

“ಹಾಗಾದ್ರೆ ನನ್ನ ಮೀಸೆ ಸುಮ್ನೆ ಹೋಯ್ತು.”