ತಲೆಕೆಳಗಾದ ಪಾಠ

ಸೋಮವ್ವ ಫೋನನ್ನು ತಲೆಕೆಳಗಾಗಿ ಗೋಡೆಗೆ ಒರಗಿಸಿದಾಗ ನಿರ್ಮಲಾಗೆ ನಗು ಬಂತು. "ಉಲ್ಟಾ ಇಟ್ಟೀರಲ್ರಿ ಅಕ್ಕಾ!"

"ಇರ್ಲಿ ಬಿಡ್ರಿ ಮೇಡಂ, ನಾ ದಿನಾ ಹಿಂಗ ನೋಡೂದು," ಎಂದು ಸೋಮವ್ವ ಕ್ರೋಶಾ ಕಡ್ಡಿ ಕೈಗೆತ್ತಿಕೊಂಡಳು.

ನಿರ್ಮಲಾ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಂದದ್ದು ಇವಳನ್ನು ನೋಡಲೆಂದೇ. ಬಾಗಿಲ ತೋರಣ ಹೆಣೆಯಲು ಕಲಿಸುವ ನಿರ್ಮಲಾಳ ಆನ್‌ಲೈನ್ ಕೋರ್ಸಿಗೆ ಸೇರಿದವರು ಮೂರನೇ ಪಾಠಕ್ಕೇ ಕೈಬಿಡುತ್ತಿದ್ದರು. 'ತಿಳಿಯಂಗಿಲ್ಲ' ಎಂದು ಬರೆಯುತ್ತಿದ್ದರೇ ಹೊರತು ಏನು ತಿಳಿಯುವುದಿಲ್ಲವೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ತನಗೆ ಕಲಿಸಲು ಬರುವುದಿಲ್ಲವೇನೋ ಎಂದು ನೊಂದು, ಕೋರ್ಸನ್ನೇ ಮುಚ್ಚುವ ಯೋಚನೆಯಲ್ಲಿದ್ದಳು. ಕೊನೆಯವರೆಗೆ ಕಲಿತವಳು ಸೋಮವ್ವ ಒಬ್ಬಳೇ.

ಫೋನಿನಲ್ಲಿ ಮೂರನೇ ಪಾಠದ ವಿಡಿಯೊ ಶುರುವಾಯಿತು. ಪರದೆಯಲ್ಲಿ ನಿರ್ಮಲಾಳ ಕೈಗಳು ಈಗ ಕೆಳಗಿನಿಂದ ಮೇಲಕ್ಕೆ ಚಾಚಿದ್ದವು. ಅವಳ ಬಲಗೈ ಸೋಮವ್ವನ ಬಲಗೈ ಕಡೆಗೇ ಇತ್ತು. ಇಬ್ಬರ ಕಡ್ಡಿಗಳೂ ಒಂದೇ ದಿಕ್ಕಿಗೆ ತಿರುಗಿ, ಒಂದೇ ಬಗೆಯ ಕುಣಿಕೆ ಹಾಕಿದವು. ನಿರ್ಮಲಾಳ ನಗು ನಿಂತುಹೋಯಿತು.

"ಸೀದಾ ಇಟ್ರ ನೀವು ಎದುರಿಗೆ ಕುಂತಂಗ ಆಗ್ತತ್ರಿ, ಎಡಾ ಬಲಾ ಗೊತ್ತಾಗಂಗಿಲ್ಲ," ಎಂದಳು ಸೋಮವ್ವ. "ಹಿಂಗಿಟ್ರ ಮಗ್ಗಲಕ್ಕ ಕುಂತು ಹೇಳಿಕೊಟ್ಟಂಗ ಆಗ್ತತಿ."

"ಮೊದ್ಲ ಯಾಕ ಹೇಳ್ಲಿಲ್ರಿ ಅಕ್ಕಾ?"

"ಪಾಠ ಹೆಂಗೈತಿ ಅಂತ ಕೇಳಿದ್ರಿ, ಛಲೋ ಐತಿ ಅಂದೆ. ಹೆಂಗ ನೋಡ್ತಿ ಅಂತ ಎಲ್ಲಿ ಕೇಳಿದ್ರಿ?"

ನಿರ್ಮಲಾ ತನ್ನ ಫೋನ್ ತೆಗೆದು ಸೋಮವ್ವನ ಕೈಗಿಟ್ಟಳು. ನೂಲಿನುಂಡೆಯನ್ನು ತನ್ನತ್ತ ಎಳೆದುಕೊಂಡು ಅವಳಿಗೆ ಬೆನ್ನು ಮಾಡಿ ಕುಳಿತಳು.

"ಹೆಗಲ ಮ್ಯಾಲಿಂದ ನನ್ನ ಕೈ ಕಾಣೂವಂಗ ಹಿಡೀರಿ ಅಕ್ಕಾ. ಮೂರನೇ ಪಾಠ ಹೊಸದಾಗಿ ಮಾಡೂಣು."