ನಿನ್ನಾಣೆ

ವಿಚ್ಛೇದನವಾದ ಮೇಲೆ, ನಲವತ್ತಾರರ ವಯಸ್ಸಿನಲ್ಲಿ ಸಂಗಾತಿಯನ್ನು ಹುಡುಕುವ ಪಾಡನ್ನೇ ಅವಳು ಪತ್ರಿಕೆಯ ಅಂಕಣವಾಗಿ ಬರೆಯುತ್ತಿದ್ದಳು. ಓದುಗರು ಮೆಚ್ಚಿದರು, ಹತ್ತಿರ ಬಂದ ಗಂಡಸರು ಮಾತ್ರ ಅದನ್ನು ಓದಿ ಓಡಿಹೋದರು. ಬರೆಯಲು ಅಂಥವರು ಯಾರೂ ಉಳಿಯದಿದ್ದಾಗ ಮಗಳ ಮೊದಲ ಪ್ರೇಮವನ್ನು ಬರೆದಳು. ಅಂದಿನಿಂದ ಮಗಳು ಮಾತು ಬಿಟ್ಟಳು.

"ಮೇದಿನಿ, ಬಾಗಿಲು ತೆಗಿಯೇ. ನಿನ್ನ ಕಾಲಿಗೆ ಬೀಳ್ತೀನಿ."

"ನನ್ನ ಬಗ್ಗೆ ಇನ್ಮೇಲೆ ಬರೆಯಲ್ಲ ಅಂತ ಆಣೆ ಮಾಡು."

"ನಿನ್ನಾಣೆ, ಒಂದಕ್ಷರಾನೂ ಬರೆಯಲ್ಲ. ನಂಗೆ ಇರೋಳು ನೀನೊಬ್ಳೇ ಕಣೇ."

ಬಾಗಿಲು ತೆರೆಯಿತು. ಮಗಳು ಅವಳ ಹೆಗಲಿಗೆ ಬಿದ್ದು, "ಅದನ್ನ ಓದಿ ಅವನು ನನ್ನ ಬಿಟ್ಬಿಟ್ಟ ಅಮ್ಮಾ" ಎಂದು ಬಿಕ್ಕಿದಳು. ತಾಯಿಯೂ ಅಳುತ್ತ ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು.

ಸ್ವಲ್ಪ ಹೊತ್ತಿಗೆ ಮಗಳ ಅಳು ತಟ್ಟನೆ ನಿಂತಿತು.

"ಅಮ್ಮಾ, ನನ್ನ ಬೆನ್ನ ಮೇಲೆ ಏನ್ ಟೈಪ್ ಮಾಡ್ತಿದೀಯ?"